ಸ್ಟೀಲಿನ ಪಟ್ಟಿಗೆ ಮೂರು ತೂತು

ಮಾರ್ಚ್ ೨, ಸೋಮವಾರ

ಬೆಳಿಗ್ಗೆ ಹತ್ತೂವರೆಗೆ ಅಂಗಡಿಯಲ್ಲಿ ಕಾಲಿಗೆ ಕಟ್ಟುವ ಕ್ಯಾಲಿಪರ್ ಮುರಿಯಿತು. ಗಿರಾಕಿಯ ತಲೆ ಅರ್ಧ ಆಗಿತ್ತು. ಮೊಣಕಾಲಿನ ಹತ್ತಿರ ಟಕ್ ಎಂದು ಸದ್ದಾಯಿತು, ಎಡಗಾಲು ಹೊರಕ್ಕೆ ವಾಲಿತು, ನಾನು ಕುರ್ಚಿಯ ಬೆನ್ನು ಹಿಡಿದು ನಿಂತೆ. ಕತ್ತರಿ ಗಿರಾಕಿಯ ಕಿವಿಗೆ ತಾಗಲಿಲ್ಲ, ಅದೊಂದು ಸಮಾಧಾನ. ಇಪ್ಪತ್ತೊಂಬತ್ತು ವರ್ಷದ ಕಸುಬು. ಬೀಳುವಾಗಲೂ ಕೈ ಹಗುರವಾಗಿಯೇ ಇತ್ತು.

ಉಳಿದರ್ಧ ತಲೆಯನ್ನು ಪಾಲುದಾರ ಮುಗಿಸಿದ. ಗಿರಾಕಿ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಕಾಲು ಮರಗಟ್ಟಿದೆ ಎಂದು ಸುಳ್ಳು ಹೇಳಿ ಬೆಂಚಿನ ಮೇಲೆ ಕೂತೆ. ನಾಲ್ಕು ವರ್ಷದವನಿದ್ದಾಗ ಬಂದ ಜ್ವರ ಈ ಕಾಲನ್ನು ತಿಂದು ಹೋಯಿತು. ಅಂದಿನಿಂದ ತೊಡೆಯಿಂದ ಬೂಟಿನವರೆಗೆ ಎರಡು ಪಕ್ಕದಲ್ಲಿ ಸ್ಟೀಲಿನ ಪಟ್ಟಿ, ನಡುವೆ ಚರ್ಮದ ಬೆಲ್ಟು, ಮೇಲೆ ಅಗಲವಾದ ಪ್ಯಾಂಟು. ನಾನು ಕುಂಟುವುದು ಎಲ್ಲರಿಗೂ ಗೊತ್ತು. ಒಳಗೆ ಏನಿದೆ ಎಂದು ಯಾರಿಗೂ ತೋರಿಸಿಲ್ಲ, ಹೆಂಡತಿಗೂ ತೋರಿಸಿಲ್ಲ. ಇಪ್ಪತ್ತೆರಡು ವರ್ಷದಿಂದ ರೂಮಿನ ಬಾಗಿಲು ಹಾಕಿಕೊಂಡು ಬಿಚ್ಚುತ್ತೇನೆ, ಬಾಗಿಲು ಹಾಕಿಕೊಂಡು ಕಟ್ಟುತ್ತೇನೆ. ರಾತ್ರಿ ದೀಪ ಆರಿದ ಮೇಲೆ ಹೊದಿಕೆ ಇದೆ. ನಾನು ತೋರಿಸಲಿಲ್ಲ, ಅವಳು ಕೇಳಲಿಲ್ಲ. ಹಾಗೇ ನಡೆದುಕೊಂಡು ಬಂದಿದೆ.

ಪಾಲುದಾರ ಮನೆಯವರೆಗೆ ಬಿಟ್ಟು ಹೋದ. ಅವನು ನನ್ನನ್ನು ದೊರೆ ಎಂದು ಕರೆಯುತ್ತಾನೆ, ಗೌರವಕ್ಕಲ್ಲ, ನನ್ನ ಜಂಬಕ್ಕೆ. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಬೀಗದ ಕೈ ಆಡಿಸಿದ.

“ದೊರೆ, ಈ ತಿಂಗಳು ಹೇಗೋ ಒಬ್ನೇ ತಳ್ತೀನಿ. ಒಂದನೇ ತಾರೀಕಿಗೆ ನೀನು ಬಂದು ನಿಲ್ದೇ ಇದ್ರೆ ಆ ಕುರ್ಚಿಗೆ ಬೇರೆ ಆಳು ನೋಡ್ಬೇಕಾಗತ್ತೆ. ಬೇಜಾರ್ ಮಾಡ್ಕೋಬೇಡ.”

“ಬೇಜಾರು ಯಾಕೆ” ಎಂದೆ. ಬೇಜಾರಾಯಿತು.

ಅಂಗಡಿಯಲ್ಲಾದರೆ ದಿನವಿಡೀ ಮಾತಾಡಬಹುದು. ಕತ್ತರಿ ಕೈಯಲ್ಲಿರುವವನ ಮಾತಿಗೆ ಯಾರೂ ಅಡ್ಡ ಬಾಯಿ ಹಾಕುವುದಿಲ್ಲ. ಮನೆಯಲ್ಲಿ ನಾವಿಬ್ಬರೇ, ಹೆಂಡತಿ ಲಾಂಡ್ರಿಗೆ ಇಸ್ತ್ರಿ ಕೆಲಸಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ಯಾರ ತಲೆ ತಿನ್ನಲಿ. ಅದಕ್ಕೇ ಈ ಹಳೇ ಪುಸ್ತಕ ತೆಗೆದಿದ್ದೇನೆ.

ಮಾರ್ಚ್ ೪, ಬುಧವಾರ

ಊರುಗೋಲು ಹಿಡಿದು ದೊಡ್ಡಾಸ್ಪತ್ರೆಗೆ ಹೋದೆ. ಕೃತಕ ಕಾಲಿನ ವಿಭಾಗ ಮೂರನೇ ಮಹಡಿಯಲ್ಲಿ ಇಟ್ಟಿದ್ದಾರೆ. ಯಾವ ಮಹಾನುಭಾವನ ತಲೆಗೆ ಹೊಳೆಯಿತೋ. ಕ್ಯಾಲಿಪರ್ ಹಾಕಿಕೊಂಡು ಹೋಗಿದ್ದ ಚೀಲದ ಬಾಯಿ ಅರ್ಧ ತೆರೆದು ಕೌಂಟರಿನ ಹೆಂಗಸಿಗೆ ತೋರಿಸಿದೆ.

“ಇದು ಈಗ ಯಾರೂ ಮಾಡಲ್ಲ ಸರ್. ಈಗೆಲ್ಲ ಪ್ಲಾಸ್ಟಿಕ್ಕು. ಅಳತೆಗೆ ಜೂನಲ್ಲಿ ಬನ್ನಿ” ಎಂದಳು.

ಇದನ್ನು ಮಾಡಿಕೊಟ್ಟವನು ತೀರಿಕೊಂಡು ಆರು ವರ್ಷವಾಯಿತು. ಊರುಗೋಲಿನಲ್ಲಿ ನಡೆಯುವುದೇನೋ ನಡೆಯಬಹುದು. ಆದರೆ ಕತ್ತರಿಗೊಂದು ಕೈ, ಬಾಚಣಿಗೆಗೊಂದು ಕೈ. ಊರುಗೋಲಿಗೆ ಮೂರನೆಯದನ್ನು ಎಲ್ಲಿಂದ ತರಲಿ. ಸುಸ್ತಾಗಿದೆ. ಮೆಟ್ಟಿಲಿಳಿದ ಸುಸ್ತು ಇನ್ನೂ ಇಳಿದಿಲ್ಲ.

ಮಾರ್ಚ್ ೭, ಶನಿವಾರ

ಮುರಿದದ್ದು ಹೊರಪಕ್ಕದ ಕೆಳಗಿನ ಪಟ್ಟಿ, ಮೊಣಕಾಲಿನ ಕೀಲಿನಿಂದ ಬೂಟಿನವರೆಗಿನದು. ಮೇಲಿನ ಸ್ಕ್ರೂವಿನ ತೂತಿನ ಬಳಿ ಸೀಳಿದೆ. ಉಳಿದದ್ದೆಲ್ಲ ಗಟ್ಟಿಮುಟ್ಟಾಗಿದೆ. ಹೆಂಡತಿ ಆ ಒಂದು ತುಂಡನ್ನು ಪೇಪರಿನಲ್ಲಿ ಸುತ್ತಿಕೊಂಡು ಗೇಟು ಕಿಟಕಿ ಮಾಡುವ ವೆಲ್ಡಿಂಗ್ ಅಂಗಡಿಗೆ ಹೋದಳು. ವೆಲ್ಡರ್ ಅದೇ ದಪ್ಪದ ಸ್ಟೇನ್‌ಲೆಸ್ ಸ್ಟೀಲನ್ನು ಅದೇ ಉದ್ದಕ್ಕೆ ಕತ್ತರಿಸಿ ಅದೇ ಬಾಗು ಕೊಟ್ಟು ಕಳಿಸಿದ್ದಾನೆ. ಅಷ್ಟು ದಪ್ಪದ್ದು ಅವನ ಹತ್ತಿರ ಇದ್ದದ್ದು ಒಂದೇ ತುಂಡಂತೆ, ಕೆಡಿಸಿಕೊಳ್ಳಬೇಡಿ ಎಂದನಂತೆ. ತೂತು ಮಾತ್ರ ಹಾಕಿಲ್ಲ.

“ಮೂರು ತೂತು ಬೇಕಲ್ಲ. ಮೇಲೆ ಎರಡು, ಕೆಳಗೆ ಒಂದು.”

“ಕೀಲಿಗೆ ಕೂರ್ಸಿ ನೋಡ್ದೆ ಹಾಕಿದ್ರೆ ಸರಿ ಬರಲ್ವಂತೆ. ಕಾಲನ್ನೇ ತಂದ್ಬಿಡಿ, ಹತ್ತು ನಿಮಿಷದ ಕೆಲಸ ಅಂದ” ಎಂದಳು.

“ಕಾಲು ಎಲ್ಲಿಗೂ ಹೋಗಲ್ಲ.”

“ನೀವು ಬರೋದು ಬೇಡ. ಚೀಲದಲ್ಲಿ ಹಾಕ್ಕೊಡಿ, ನಾನು ತಗೊಂಡ್ಹೋಗ್ತೀನಿ.”

“ಬೇಡ ಅಂದ್ರೆ ಬೇಡ.”

ವೆಲ್ಡಿಂಗ್ ಅಂಗಡಿ ಇರುವುದು ಬಸ್ ಸ್ಟಾಪಿನ ಎದುರಿಗೆ. ನನ್ನ ಕಾಲನ್ನು ಅಲ್ಲಿ ಬೆಂಚಿನ ಮೇಲೆ ಅಂಗಾತ ಮಲಗಿಸಿ, ಬಸ್ಸಿಗೆ ಕಾಯುವವರೆಲ್ಲ ಬಂದು ನೋಡಿಕೊಂಡು ಹೋಗುವುದು ನನಗೆ ಬೇಡ. ಕೆಳಗಿನ ಮನೆಯವರ ಹತ್ತಿರ ಡ್ರಿಲ್ಲಿಂಗ್ ಮಷಿನ್ ಇದೆ. ಮೂರು ತೂತು ಹಾಕುವುದೇನು ಮಹಾ.

ಮಾರ್ಚ್ ೮, ಭಾನುವಾರ

ಮಹಾ ಇದೆ.

ಅಡುಗೆಮನೆಯ ಮೇಜಿನ ಮೇಲೆ ಹಲಗೆ ಇಟ್ಟು, ಹಲಗೆಗೆ ಪಟ್ಟಿ ಬಿಗಿದು, ಪೆನ್ನಿನಲ್ಲಿ ಗುರುತು ಹಾಕಿ, ಮಷಿನ್ನನ್ನು ಪೂರ್ತಿ ಜೋರಿಗೆ ಬಿಟ್ಟೆ. ಕೆನ್ನೆಯ ಮೇಲೆ ಕತ್ತಿ ಆಡಿಸುವ ಹಾಗೆ ಹಗುರವಾಗಿ ಹಿಡಿದೆ. ಕೊರೆಯುವ ಬಿಟ್ ಜಾರಿಕೊಂಡು ಎರಡು ಬೆರಳಿನಷ್ಟು ಆಚೆ ಹೋಯಿತು. ಮತ್ತೆ ತಂದು ಗುರುತಿನ ಮೇಲೆ ನಿಲ್ಲಿಸಿದೆ. ಕೀಚೆಂದು ಕೂಗಿತು, ಹೊಗೆ ಬಂತು, ಸುಟ್ಟ ವಾಸನೆಗೆ ಕೆಳಗಿನ ಮನೆಯವರು ಕಿಟಕಿ ತೆರೆದರು. ಹತ್ತು ನಿಮಿಷ ಬಿಟ್ಟು ನೋಡಿದರೆ ತೂತಿಲ್ಲ. ಕಾಳಿನಷ್ಟು ಅಗಲದ ಹೊಳೆಯುವ ಗುಳಿ, ಸುತ್ತ ನೀಲಿ ಕಲೆ. ಬಿಟ್ಟಿನ ಮೂತಿ ಮೊಂಡಾಗಿತ್ತು.

“ಸ್ವಲ್ಪ ಒತ್ತಿ ಹಿಡೀಬಾರ್ದಾ?” ಎಂದು ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು.

“ಒತ್ತಿದ್ರೆ ಎಲ್ಲ ಮುರಿಯತ್ತೆ. ನೀನು ಮುರಿಯೋ ಹಾಗೆ.”

ಅವಳ ಕೈ ಭಾರ. ಹತ್ತೊಂಬತ್ತು ವರ್ಷ ಲಾಂಡ್ರಿಯ ದಪ್ಪ ಇಸ್ತ್ರಿ ಪೆಟ್ಟಿಗೆ ಒತ್ತಿ ಒತ್ತಿ ಹಾಗಾಗಿದೆ. ನಲ್ಲಿ ತಿರುಗಿಸಿದರೆ ವಾಷರ್ ಹೋಗುತ್ತದೆ, ಬಾಗಿಲು ಹಾಕಿದರೆ ಪಕ್ಕದ ಮನೆಯ ಮಗು ಏಳುತ್ತದೆ, ಪ್ರೀತಿಯಿಂದ ಬೆನ್ನು ತಟ್ಟಿದರೂ ನನಗೆ ಕೆಮ್ಮು ಬರುತ್ತದೆ. ಇದನ್ನೇ ಹೇಳಿ ಅಂಗಡಿಯಲ್ಲಿ ಎಷ್ಟು ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ. ಇವತ್ತು ಅವಳು ನಗಲಿಲ್ಲ. ಒಳಗೆ ಹೋದಳು.

ಮಾರ್ಚ್ ೧೦, ಮಂಗಳವಾರ

ಹೊಸ ಬಿಟ್ ಎರಡು ತರಿಸಿದೆ. ಅದೇ ಗುಳಿಯಲ್ಲಿ ಇಟ್ಟು ಶುರು ಮಾಡಿದೆ. ಗಾಜಿನ ಮೇಲೆ ಉಗುರು ಎಳೆದ ಸದ್ದು. ಕಾಲು ಗಂಟೆಯಲ್ಲಿ ಬಿಟ್ಟಿನ ತುದಿ ಕೆಂಪಾಯಿತೇ ಹೊರತು ಸ್ಟೀಲಿಗೆ ಏನೂ ಆಗಲಿಲ್ಲ. ಎರಡನೆಯದು ಮುರಿದು, ತುಂಡು ಎತ್ತಲೋ ಹಾರಿತು. ಕಣ್ಣಿಗೆ ಬೀಳಲಿಲ್ಲ, ನನ್ನ ಪುಣ್ಯ.

ಸಂಜೆ ಅವಳು ಗುಡಿಸುವಾಗ ಅಕ್ಕಿ ಡಬ್ಬಿಯ ಹಿಂದೆ ಆ ತುಂಡು ಸಿಕ್ಕಿತು. ಏನೂ ಹೇಳದೆ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಏನಾದರೂ ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಗುಳಿ ಮೊನ್ನೆಗಿಂತ ಗಟ್ಟಿಯಾದ ಹಾಗಿದೆ. ನನ್ನ ಭ್ರಮೆಯೋ ಏನೋ.

ಮಾರ್ಚ್ ೧೨, ಗುರುವಾರ

ಏನೂ ಮಾಡಲಿಲ್ಲ. ಕಿಟಕಿಯಲ್ಲಿ ಕೂತು ಬೀದಿ ನೋಡಿದೆ. ಹೋಗುವವರ ತಲೆಯೆಲ್ಲ ಯಾರೋ ಕೈಲಾಗದವರು ಕತ್ತರಿಸಿದಂತಿದೆ.

ಮಾರ್ಚ್ ೧೫, ಭಾನುವಾರ

ಮೇಸ್ತ್ರಿ ಮನೆಗೇ ಬಂದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಹದಿನಾರು ವರ್ಷದಿಂದ ಗಡ್ಡಕ್ಕೆ ನನ್ನ ಹತ್ತಿರವೇ ಬರುತ್ತಾರೆ.

“ನಿನ್ನ ಪಾಲುದಾರ ಗಡ್ಡ ಮಾಡಲ್ಲ ಕಣಯ್ಯ, ಹೊಲ ಉಳ್ತಾನೆ. ನೋಡು” ಎಂದು ಗಲ್ಲ ಎತ್ತಿ ತೋರಿಸಿದರು. ಎರಡು ಕಡೆ ಗೀರಿತ್ತು.

ಅವರನ್ನು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ, ನಾನು ಮಂಚದ ಮೇಲೆ ಕೂತು ಗಡ್ಡ ಮಾಡಿದೆ. ಹದಿಮೂರು ದಿನವಾಗಿತ್ತು ಒಂದು ಮುಖ ಕೈಗೆ ಸಿಕ್ಕಿ. ಸಂತೋಷವಾಯಿತು. ಬರೆಯಲು ನಾಚಿಕೆ, ಆದರೂ ಆಯಿತು.

ಒಂದು ಕೆನ್ನೆ ಮುಗಿದು ಇನ್ನೊಂದಕ್ಕೆ ಸೋಪು ಹಚ್ಚುವಾಗ ಅವರ ಕಣ್ಣು ಮೇಜಿನ ಮೇಲಿದ್ದ ಪಟ್ಟಿಯ ಮೇಲೆ ಬಿತ್ತು. ಅದೇನೆಂದು ಕೇಳಿದರು. ಪಕ್ಕದ ಮನೆಯವರ ಗೇಟಿನದು, ತೂತು ಹಾಕಿಕೊಡು ಎಂದು ಕೊಟ್ಟಿದ್ದಾರೆ ಎಂದೆ. ಮೇಸ್ತ್ರಿ ಸೋಪಿನ ಮುಖದಲ್ಲೇ ಎದ್ದು ಹೋಗಿ ಪಟ್ಟಿಯನ್ನು ಬೆಳಕಿಗೆ ಹಿಡಿದು ನಕ್ಕರು.

“ಪಾಪ, ಉಜ್ಜಿ ಉಜ್ಜಿ ಮುದ್ದು ಮಾಡಿದ್ದೀಯ. ಇದು ಮಾಮೂಲಿ ಕಬ್ಬಿಣ ಅಲ್ಲ ಕಣಯ್ಯ. ಮೇಲೆ ಮೇಲೆ ಉಜ್ಜಿದ್ರೆ ಗಟ್ಟಿ ಆಗ್ತಾ ಹೋಗತ್ತೆ. ಬಿಸಿ ಮಾಡಿದ್ರೆ ಕೇಳೋದೇ ಬೇಡ. ಹಗುರ ಕೈಯವರಿಗೆ ಇದು ಬಗ್ಗಲ್ಲ.”

“ಮತ್ತೆ ಹೇಗೆ?”

“ನಿಧಾನ ತಿರುಗಿಸ್ಬೇಕು, ಜೋರಾಗಿ ಒತ್ಬೇಕು. ಬಿಟ್ ಒಂದು ಕ್ಷಣಾನೂ ಸುಮ್ನೆ ಸುತ್ಬಾರ್ದು, ಕಚ್ತಾನೇ ಇರ್ಬೇಕು. ಎಣ್ಣೆ ಬಿಡ್ತಾ ಇರು. ಸುರುಳಿ ಸುರುಳಿಯಾಗಿ ಬಂದ್ರೆ ಸರಿ. ಪುಡಿ ಬಂತೋ, ನಿಲ್ಲಿಸ್ಬಿಡು.”

ಗುರುತಿನ ಮೇಲೆ ಚೂಪು ಪಂಚ್ ಇಟ್ಟು ಸುತ್ತಿಗೆಯಲ್ಲಿ ಒಂದೇ ಏಟು ಹಾಕಬೇಕಂತೆ, ಬಿಟ್ ಜಾರುವುದಿಲ್ಲ. ಎರಡು ಮೂರು ಏಟು ಹಾಕಿದರೆ ಅಲ್ಲೇ ಗಟ್ಟಿಯಾಗುತ್ತದಂತೆ. ನಾನು ಕೆಡಿಸಿದ ಗುಳಿಯನ್ನು ಮುಟ್ಟದೆ ಪಟ್ಟಿ ಮಗುಚಿ ಆ ಕಡೆಯಿಂದ ಕೊರೆಯಬೇಕಂತೆ. ಸಾಧಾರಣ ಬಿಟ್ ಸಾಲದು, ಕೋಬಾಲ್ಟ್ ಬಿಟ್ ಬೇಕಂತೆ. ಇಷ್ಟೆಲ್ಲ ಹೇಳಿ ಬಂದು ಕೂತರು. ನಾನು ಇನ್ನೊಂದು ಕೆನ್ನೆ ಮುಗಿಸಿದೆ. ಅವರು ನನ್ನ ಪ್ಯಾಂಟಿನ ಎಡಗಾಲನ್ನು ನೋಡಿದರು, ಗೋಡೆಗೆ ಒರಗಿಸಿದ್ದ ಊರುಗೋಲನ್ನು ನೋಡಿದರು.

“ಬಿಟ್ ನನ್ನ ಹತ್ರ ಒಂದಿದೆ, ಕಳಿಸ್ತೀನಿ” ಎಂದರು ಹೋಗುವಾಗ. “ಪಕ್ಕದ ಮನೆಯವರಿಗೆ.”

ಮಾರ್ಚ್ ೧೮, ಬುಧವಾರ

ಮೇಸ್ತ್ರಿ ಕಳಿಸಿದ ಬಿಟ್ ಹಾಕಿ, ಅವರು ಹೇಳಿದ್ದನ್ನೆಲ್ಲ ಮಾಡಿದೆ. ಮಷಿನ್ನಿನ ಗುಂಡಿಯನ್ನು ಅರ್ಧವೇ ಒತ್ತಿ ನಿಧಾನ ತಿರುಗಿಸಿದೆ. ಕೂದಲು ಕತ್ತರಿಸುವ ಮಷಿನ್ನಿಗೆ ಬಿಡುವ ಎಣ್ಣೆಯನ್ನೇ ಬಿಟ್ಟೆ. ಆಗದೆ ಹೋದದ್ದು ಒತ್ತುವುದೊಂದೇ. ಒತ್ತಬೇಕಾದರೆ ನಿಲ್ಲಬೇಕು, ನಿಲ್ಲಬೇಕಾದರೆ ಕಾಲು ಬೇಕು, ಕಾಲು ಬೇಕಾದರೆ ಒತ್ತಬೇಕು. ಕೂತು ಒತ್ತಿದರೆ ತೋಳಿನ ಬಲ ಸಾಲದು. ಬಲಗಾಲಿನ ಮೇಲೆ ನಿಂತು ಮೇಜಿಗೆ ಒರಗಿ ಮೈಭಾರ ಬಿಟ್ಟೆ. ಕಾಲು ಜಾರಿತು. ಮಷಿನ್ ಸಮೇತ ಬಿದ್ದೆ, ಗಲ್ಲ ಮೇಜಿನ ಅಂಚಿಗೆ ಬಡಿದು ರಕ್ತ ಬಂತು.

ಬಿದ್ದಲ್ಲೇ ಕೂತು ಅತ್ತೆ. ಮನೆಯಲ್ಲಿ ಯಾರೂ ಇರಲಿಲ್ಲ, ಅದಕ್ಕೇ ಚೆನ್ನಾಗಿ ಅತ್ತೆ. ಇನ್ನು ಹದಿನಾಲ್ಕು ದಿನ. ಐವತ್ತೊಂದು ವಯಸ್ಸು. ನಿಂತು ತಲೆ ಕತ್ತರಿಸುವುದು ಬಿಟ್ಟರೆ ನನಗೆ ಜಗತ್ತಿನಲ್ಲಿ ಬೇರೇನೂ ಬರುವುದಿಲ್ಲ. ಆ ಕುರ್ಚಿಯ ಹಿಂದೆ ಬೇರೆಯವನು ನಿಂತರೆ ನಾನು ಯಾರು ಎಂದು ಯೋಚಿಸಿದರೆ ಭಯವಾಗುತ್ತದೆ.

ಆರಕ್ಕೆ ಅವಳು ಬಂದು ಗಲ್ಲ ನೋಡಿದಳು.

“ಏನಾಯ್ತು?”

“ಗಡ್ಡ ಮಾಡ್ಕೊಳ್ವಾಗ ತಾಗ್ತು.”

ಅವಳು ನೆಲದ ಮೇಲೆ ಬಿದ್ದಿದ್ದ ಮಷಿನ್ ಕಡೆ ನೋಡಿದಳು. “ಇದ್ರಲ್ಲಿ ಮಾಡ್ಕೊಂಡ್ರಾ?”

ಹತ್ತಿ ಒದ್ದೆ ಮಾಡಿ ಗಲ್ಲ ಒರೆಸಿದಳು. ಉರಿಯಿತು. ಸ್ವಲ್ಪ ಮೆಲ್ಲಗೆ ಎಂದೆ.

ಮಾರ್ಚ್ ೨೧, ಶನಿವಾರ

ಮಧ್ಯಾಹ್ನ ಹೆಂಡತಿ ಅರ್ಧ ದಿನ ರಜೆ ಹಾಕಿ ಬಂದಳು. ಕೈಯಲ್ಲೊಂದು ಗೋಣಿಚೀಲ. ಒಳಗೆ ಹಳೇ ಕಾಲದ ಕೈ ಡ್ರಿಲ್ಲು. ಪಕ್ಕದಲ್ಲಿ ತಿರುಗಿಸುವ ಹಿಡಿ, ತಲೆಯಲ್ಲಿ ಎದೆ ಕೊಟ್ಟು ಒತ್ತುವುದಕ್ಕೆ ಬಾಗಿದ ತಟ್ಟೆ. ಮೇಸ್ತ್ರಿಯ ಮನೆಗೆ ಇವಳೇ ಹೋಗಿ ತಂದಿದ್ದಾಳೆ.

“ಮೇಸ್ತ್ರಿಗೆ ಏನು ಹೇಳ್ದೆ?”

“ಪಕ್ಕದ ಮನೆ ಗೇಟು ಅಂತ ನೀವೇ ಹೇಳಿದ್ರಂತಲ್ಲ. ನಾನೂ ಅದನ್ನೇ ಹೇಳ್ದೆ.”

ಟವೆಲ್ ಮಡಚಿ ಆ ತಟ್ಟೆಯ ಮೇಲೆ ಹಾಕಿದಳು. ಮೇಜಿನ ಮೇಲೆ ಬಗ್ಗಿ ಎದೆ ಕೊಟ್ಟು ನಿಂತಳು. “ಹೂಂ, ನೀವು ತಿರುಗ್ಸಿ.”

“ನಿನ್ನ ಕೈಲಿ ಆಗಲ್ಲ. ಮುರಿದ್ಹೋಗತ್ತೆ.”

“ಮುರೀಲಿ. ನೀವು ಹಾಳು ಮಾಡಿದ್ದು ಮೂರಾಯ್ತು, ನಂದೂ ಒಂದಾಗ್ಲಿ.”

ಪಟ್ಟಿಯನ್ನು ಮಗುಚಿದ ಹಾಗೇ ಮತ್ತೆ ಬಿಗಿದೆ. ಮೊನ್ನೆಯ ಪಂಚಿನ ಗುರುತಿಗೆ ಬಿಟ್ ಇಟ್ಟೆ. ನಾನು ಸ್ಟೂಲಿನ ಮೇಲೆ ಕೂತು ಹಿಡಿ ತಿರುಗಿಸಿದೆ, ಅವಳು ಮೇಲಿನಿಂದ ಮೈಭಾರವನ್ನೆಲ್ಲ ಬಿಟ್ಟಳು. ಕೂಗಲಿಲ್ಲ, ಹೊಗೆ ಬರಲಿಲ್ಲ. ಕರ್ರ್ ಎಂದು ದಪ್ಪ ಸದ್ದು ಬಂತು, ಬೆನ್ನಿಗೇ ಬಿಟ್ಟಿನ ಸುತ್ತ ತೆಳ್ಳನೆ ಸುರುಳಿಯೊಂದು ಎದ್ದು ಬಂತು, ಹೊಳೆಯುವ ಗುಂಗುರು ಕೂದಲಿನ ಹಾಗೆ. “ಬಂತು, ಬಂತು” ಎಂದೆ. ನನ್ನ ದನಿ ನನಗೇ ಬೇರೆಯವರದ್ದೆನ್ನಿಸಿತು.

ನಲವತ್ತು ನಿಮಿಷ ಹಿಡಿಯಿತು. ನಡುನಡುವೆ ನಿಲ್ಲಿಸಿ, ಬಿಟ್ ಆರಿಸಿ, ಎಣ್ಣೆ ಬಿಟ್ಟು ಮತ್ತೆ ಶುರು. ಅವಳ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಕತ್ತಿ ಹಿಡಿಯದೆ ಒಂದು ಮುಖವನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. ಅವಳ ಎಡ ಹುಬ್ಬಿನಲ್ಲಿ ಎರಡು ಬಿಳಿ ಕೂದಲು ಬಂದಿವೆ. ಕೊನೆಗೆ ಆ ಕೆಟ್ಟ ಗುಳಿಯ ಬುಡ ಸಿಕ್ಕಿತು, ಅವಳು ಹಲ್ಲು ಕಚ್ಚಿ ಒತ್ತಿದಳು, ಬಿಟ್ ಹಲಗೆಗೆ ಇಳಿಯಿತು. ಪಟ್ಟಿ ಎತ್ತಿ ಕಿಟಕಿಗೆ ಹಿಡಿದರೆ ಒಳಗಿಂದ ಬೆಳಕು ಬಂತು.

“ಎದೆ ನೋಯ್ತಿದ್ಯಾ?” ಎಂದು ಕೇಳಿದೆ. ತಟ್ಟೆ ಒತ್ತಿ ಕುತ್ತಿಗೆಯ ಕೆಳಗೆ ಕೆಂಪಗೆ ಗುರುತಾಗಿತ್ತು.

“ಲಾಂಡ್ರಿಗಿಂತ ವಾಸಿ. ಇಲ್ಲಿ ಕೂತು ಮಾತಾಡೋರು ಇದ್ದಾರೆ.”

ಮಾರ್ಚ್ ೨೨, ಭಾನುವಾರ

ಎರಡನೇ ತೂತಿನ ಗುರುತು ಹಾಕಲು ಪಟ್ಟಿಯನ್ನು ಕೀಲಿಗೆ ಕೂರಿಸಿ ನೋಡಬೇಕು. ಕ್ಯಾಲಿಪರನ್ನು ಟವೆಲ್ಲಿನಲ್ಲಿ ಸುತ್ತಿ, ಕೀಲಿನ ಭಾಗ ಮಾತ್ರ ಹೊರಗೆ ಬಿಟ್ಟು ಮೇಜಿನ ಮೇಲಿಟ್ಟೆ.

“ಅದಕ್ಕೆ ಚಳೀನಾ?” ಎಂದಳು ಹೆಂಡತಿ. ನಾನು ಏನಾದರೂ ಹೇಳುವ ಮೊದಲೇ ಟವೆಲ್ ಎಳೆದು ಪಕ್ಕಕ್ಕಿಟ್ಟಳು. ಎರಡೂ ಕೈಯಲ್ಲಿ ಎತ್ತಿ ತೂಗಿದಳು. ಬಟ್ಟೆಯ ಗಂಟನ್ನು ಕೈಯಲ್ಲೇ ತೂಗಿ ತೂಕ ಹೇಳುವುದು ಲಾಂಡ್ರಿಯವರ ಅಭ್ಯಾಸ.

“ಎರಡು ಕೆಜಿ ಮೇಲಿದೆ. ಇದನ್ನ ಕಟ್ಕೊಂಡು ದಿನವೆಲ್ಲ ನಿಲ್ತೀರಾ?”

“ಮತ್ತೆ ಹಾರ್ತೀನಾ.”

ಅವಳು ಬೆಲ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಚರ್ಮ ಬೆವರಿಗೆ ಕಪ್ಪಾಗಿ ಬಿರುಕು ಬಿಟ್ಟಿದೆ. ಚಿಕ್ಕ ಬೂಟನ್ನೂ ನೋಡಿದಳು. ನಾನು ಅತ್ತ ತಿರುಗಿ ಗುರುತು ಹಾಕುತ್ತಾ ಕೂತೆ.

ಎರಡನೇ ತೂತು ಅರ್ಧ ಗಂಟೆಯಲ್ಲಿ ಮುಗಿಯಿತು. ಈಗ ಸದ್ದಿನಲ್ಲೇ ಗೊತ್ತಾಗುತ್ತದೆ, ಕಚ್ಚುತ್ತಿದೆಯೋ ಉಜ್ಜುತ್ತಿದೆಯೋ ಎಂದು. ಮುಗಿದ ಮೇಲೆ ಅವಳು ಹಿಂಬಾಗಿಲ ಮೆಟ್ಟಿಲ ಮೇಲೆ ಕ್ಯಾಲಿಪರನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಬೆಲ್ಟುಗಳಿಗೆ ಎಣ್ಣೆ ತಿಕ್ಕಿದಳು. ಯಾರು ಹೇಳಿದರು ಇವಳಿಗೆ ಅದನ್ನು ಮುಟ್ಟಲು. ಬೈಯಬೇಕೆಂದುಕೊಂಡೆ. ತಿರುಗಿಸಿ ತಿರುಗಿಸಿ ತೋಳು ಬಿದ್ದು ಹೋಗಿತ್ತು, ಬೈಯಲೂ ಸುಸ್ತು.

ಮಾರ್ಚ್ ೨೫, ಬುಧವಾರ

ಮೂರನೆಯದು ಕೆಟ್ಟಿತು.

ಅವಳು ಕೆಲಸ ಮುಗಿಸಿ ಬಂದು ಕೈಕಾಲು ತೊಳೆದು ಸೀದಾ ಮೇಜಿಗೆ ಬಂದಳು. ಮುಕ್ಕಾಲು ಪಾಲು ಚೆನ್ನಾಗಿಯೇ ಇಳಿಯಿತು. ಇನ್ನೇನು ಹಲಗೆ ಸಿಗುತ್ತದೆ ಎನ್ನುವಾಗ ನನಗೆ ಹೆದರಿಕೆಯಾಯಿತು, ಪಟ್ಟಿ ಸೀಳಿ ಹೋದೀತೆಂದು. “ಸಾಕು, ಬಿಡು ಬಿಡು” ಎಂದೆ. ಅವಳು ಬಿಟ್ಟಳು. ನಾನು ಮಾತ್ರ ತಿರುಗಿಸುತ್ತಲೇ ಇದ್ದೆ. ಬಿಟ್ ಒಳಗೆ ಬರೀ ಸುತ್ತಿತು, ಕೀಚೆಂದಿತು. ಮತ್ತೆ ಒತ್ತಿದರೆ ಕಚ್ಚಲಿಲ್ಲ. ಕಾಗದದಷ್ಟು ದಪ್ಪ ಉಳಿದಿದೆ, ಅದೇ ಕಲ್ಲಾಗಿದೆ. ಮೇಸ್ತ್ರಿಯ ಬಿಟ್ಟೂ ಮೊಂಡಾಯಿತು.

“ನಿಂಗ್ಯಾರು ಕೈ ತೆಗೀ ಅಂದಿದ್ದು?” ಎಂದು ಕೂಗಾಡಿದೆ.

ಅವಳು ಟವೆಲ್ ಮಡಚಿಟ್ಟು ಹೋಗಿ ಗೋಡೆ ಕಡೆ ತಿರುಗಿ ಮಲಗಿದಳು. ಊಟಕ್ಕೂ ಏಳಲಿಲ್ಲ. ಬಿಡು ಎಂದವನು ನಾನು. ಅವಳು ಹೇಳಿದ್ದನ್ನು ಮಾಡಿದಳು, ಅಷ್ಟೇ. ಇದು ನನಗೆ ಗೊತ್ತಿದೆ. ಹೋಗಿ ಹೇಳಲು ಬಾಯಿ ಬರಲಿಲ್ಲ.

ಮಾರ್ಚ್ ೨೬, ಗುರುವಾರ

ಪಾಲುದಾರ ಫೋನ್ ಮಾಡಿದ. ಒಬ್ಬ ಸಿಕ್ಕಿದ್ದಾನಂತೆ, ಕೈ ಪರವಾಗಿಲ್ಲವಂತೆ.

“ನೀನು ಬರೋದಾದ್ರೆ ಅವನು ಬೇಡ. ಏನ್ ಹೇಳ್ಲಿ ದೊರೆ?”

“ಬರ್ತೀನಿ.”

ಹೇಗೆ ಬರುತ್ತೀಯ ಎಂದು ಅವನು ಕೇಳಲಿಲ್ಲ.

ಸಂಜೆ ಅವಳು ತರಕಾರಿ ಹೆಚ್ಚುತ್ತಿದ್ದಳು. ಹೋಗಿ ಪಕ್ಕದಲ್ಲಿ ನಿಂತೆ.

“ನಿನ್ನೆ ಬಿಡು ಅಂದಿದ್ದು ನಾನೇ.”

“ಗೊತ್ತು.”

“ನಂದೇ ತಪ್ಪು.”

ಅವಳ ಚಾಕು ನಿಂತಿತು. “ಇನ್ನೊಂದ್ಸಲ ಹೇಳಿ.”

“ಒಂದ್ಸಲ ಸಾಕು” ಎಂದು ಈಚೆ ಬಂದೆ. ಹಿಂದೆ ಅವಳು ನಕ್ಕಿದ್ದು ಕೇಳಿಸಿತು.

ಮಾರ್ಚ್ ೨೯, ಭಾನುವಾರ

ಮೇಸ್ತ್ರಿ ಗಡ್ಡಕ್ಕೆ ಬಂದವರು ಬಿಟ್ ತೆಗೆದುಕೊಂಡು ಹೋಗಿ, ಮನೆಯಲ್ಲಿ ಸಾಣೆ ಹಿಡಿದು ತಂದುಕೊಟ್ಟರು. “ಕೊನೇಲಿ ಭಾರ ಸ್ವಲ್ಪ ಕಮ್ಮಿ ಮಾಡ್ಬೇಕು, ಆದ್ರೆ ಕೈ ಬಿಡ್ಬಾರ್ದು. ಇಬ್ರಿಗೂ ಹೇಳ್ತಿದ್ದೀನಿ” ಎಂದರು. ಕ್ಯಾಲಿಪರ್ ಮೇಜಿನ ಮೇಲೆಯೇ ಇತ್ತು. ಮುಚ್ಚಿರಲಿಲ್ಲ ಎಂದು ನೆನಪಾದದ್ದು ಅವರು ಹೋದ ಮೇಲೆ. ಬಾಗಿಲಲ್ಲಿ ಅವರು “ಪಕ್ಕದ ಮನೆ ಗೇಟು ಚೆನ್ನಾಗಿದೆ” ಎಂದದ್ದು ಯಾಕೆಂದು ಆಗ ಹೊಳೆಯಿತು.

ಮಧ್ಯಾಹ್ನ ಪಟ್ಟಿ ಮಗುಚಿ ಇನ್ನೊಂದು ಕಡೆಯಿಂದ ಹಿಡಿದೆವು. ಅವಳು ಒತ್ತಿದಳು, ನಾನು ಬಿಡು ಎನ್ನಲಿಲ್ಲ. ಹತ್ತು ನಿಮಿಷದಲ್ಲಿ ಇಳಿಯಿತು. ಎರಡು ಕಡೆಯಿಂದ ಕೊರೆದದ್ದಕ್ಕೆ ತೂತು ಒಂದು ಕೂದಲಷ್ಟು ಅಗಲವಾಗಿದೆ, ವಾಷರ್ ಹಾಕಿ ಬಿಗಿ ಮಾಡಿದೆ.

ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಕಟ್ಟಿದೆ. ಬೆಲ್ಟುಗಳು ಮೆತ್ತಗಾಗಿವೆ. ಈಚೆ ಬಂದು ಅಡುಗೆಮನೆಯವರೆಗೆ ನಡೆದೆ. ಅವಳು ಒಲೆಯ ಹತ್ತಿರ ಪಾತ್ರೆ ಹಿಡಿದು ನಿಂತಿದ್ದವಳು ಹಾಗೇ ನಿಂತಳು.

“ನಿಂತ್ರಾ?”

“ನಿಂತೆ.”

ಎರಡೂ ಕೈ ಬಿಟ್ಟು ನಿಂತಿದ್ದೆ. ಇಪ್ಪತ್ತೇಳು ದಿನದ ಮೇಲೆ.

ಏಪ್ರಿಲ್ ೧, ಬುಧವಾರ

ಎಂಟಕ್ಕೆ ಅಂಗಡಿಯಲ್ಲಿದ್ದೆ. ಪಾಲುದಾರ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನನ್ನ ಕುರ್ಚಿಯ ಮೇಲೆ ಪೇರಿಸಿಟ್ಟಿದ್ದ ಟವೆಲ್ಲುಗಳನ್ನು ತೆಗೆದ. “ಅವನಿಗೆ ಫೋನ್ ಮಾಡಿ ಬೇಡ ಅಂತೀನಿ” ಎಂದು ಹೊರಗೆ ಹೋದ. ಕನ್ನಡಿಯಲ್ಲಿ ಅವನ ಮುಖ ಕಂಡಿತು, ನಗುತ್ತಿದ್ದ.

ಹನ್ನೊಂದರ ಹೊತ್ತಿಗೆ ಆರು ತಲೆ ಆಯಿತು. ಕೈ ಮರೆತಿಲ್ಲ. ಏಳನೆಯವನಿಗೆ ಸೋಪು ಹಚ್ಚುವಾಗ ಕೆಳಗಿನ ಸ್ಕ್ರೂ ಸಡಿಲವಾಗಿ ಕಾಲು ಅಲ್ಲಾಡತೊಡಗಿತು. ಒಂದು ನಿಮಿಷ ಎಂದು ಹೇಳಿ ಬೆಂಚಿನ ಮೇಲೆ ಕೂತು, ಪ್ಯಾಂಟು ಮೇಲೆ ಮಡಚಿ, ಬೆಲ್ಟು ಬಿಚ್ಚಿ ಕ್ಯಾಲಿಪರ್ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ನಾಲ್ಕು ಜನ ಕಾಯುತ್ತಿದ್ದರು. ಒಬ್ಬ ಬಗ್ಗಿ ನೋಡಿ ಇದು ಸ್ಟೇನ್‌ಲೆಸ್ಸಾ ಎಂದು ಕೇಳಿದ. ಹೌದು, ಮನೆಯಲ್ಲೇ ತೂತು ಹಾಕಿದ್ದು ಎಂದೆ. ಅದು ಮನೆಯಲ್ಲಿ ಆಗುವ ಕೆಲಸವೇ ಅಲ್ಲ ಎಂದ. ಆಗುತ್ತದೆ ಎಂದು ಶುರು ಮಾಡಿದೆ. ನಿಧಾನ ತಿರುಗಿಸಬೇಕು, ಜೋರಾಗಿ ಒತ್ತಬೇಕು, ಸುರುಳಿ ಬರಬೇಕು, ಪುಡಿ ಬರಬಾರದು. ಹೆಂಡತಿಯ ಹಾಗೆ ಒತ್ತುವವರು ಬೇಕು ಎಂದೂ ಹೇಳಿದೆ. ಎಲ್ಲರೂ ನಕ್ಕರು, ನಾನು ನಗಲಿಲ್ಲ.

“ದೊರೆ, ಪಾಠ ಆಮೇಲೆ. ಗಿರಾಕಿ ಮುಖದಲ್ಲಿ ಸೋಪು ಒಣಗ್ತಿದೆ” ಎಂದ ಪಾಲುದಾರ.

ನೋಡಿಕೊಂಡರೆ ಸ್ಕ್ರೂ ಯಾವಾಗಲೋ ಬಿಗಿಯಾಗಿತ್ತು, ಕಾಲು ಇನ್ನೂ ಗಾಳಿಗೇ ಇತ್ತು. ಕಟ್ಟಿಕೊಂಡು ಎದ್ದೆ. ಸಂಜೆ ಏಳರವರೆಗೆ ನಿಂತೆ.

ಮನೆಗೆ ಬಂದು ಎಲ್ಲ ಹೇಳಿದೆ. ಅವಳು ಬಟ್ಟೆ ಮಡಚುತ್ತಾ ಕೇಳಿಸಿಕೊಳ್ಳುತ್ತಿದ್ದಳು.

“ಎಲ್ಲಿ ಬಿಗಿ ಮಾಡ್ಕೊಂಡ್ರಿ?”

“ಬೆಂಚಿನ ಮೇಲೆ.”

“ಎಲ್ಲರ ಮುಂದೆ?”

“ಎಲ್ಲರೂ ಎಲ್ಲಿ, ನಾಲ್ಕೇ ಜನ.”

ಅವಳ ಕೈ ನಿಂತಿತು. ಕಣ್ಣಲ್ಲಿ ನೀರು ಬಂತು. ನನಗೆ ತಲೆಬುಡ ಅರ್ಥವಾಗಲಿಲ್ಲ. ಸ್ಕ್ರೂ ಅಷ್ಟೇ, ಈಗ ಸರಿಯಾಗಿದೆ ಎಂದೆ.

“ಇಪ್ಪತ್ತೆರಡು ವರ್ಷ ಆ ಬಾಗಿಲ ಆಚೆ ನಿಂತಿದ್ದೀನಿ” ಎಂದಳು. “ಗಡ್ಡಕ್ಕೆ ಬಂದೋರು ನೋಡ್ಕೊಂಡು ಹೋದ್ರು.”

ರೂಮಿಗೆ ಹೋದೆ. ಅವಳು ಹಿಂದೆಯೇ ಬಂದಳು. ಬೇಡ ಎನ್ನಲು ಬಾಯಿ ತೆರೆದವನು ಮಂಚದ ಮೇಲೆ ಕೂತೆ. ಅವಳು ನೆಲದ ಮೇಲೆ ಕೂತು, ಪ್ಯಾಂಟಿನ ಅಂಚು ಮೇಲೆ ಮಡಚಿ, ಬೆಲ್ಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಬೂಟು ಎಳೆದಳು, ಕಾಲುಚೀಲ ತೆಗೆದಳು. ದೀಪ ಉರಿಯುತ್ತಿತ್ತು. ಅವಳು ಕಾಲನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು.

“ಇಷ್ಟೇನಾ?” ಎಂದಳು.

“ಇಷ್ಟೇ” ಎಂದೆ.